ಸಮಭಾಜಕದ ಮೇಲೊಂದು ತಂಪಿನ ನಾಡು

ಭೂಗೋಳದ ಪಾಠದಲ್ಲಿ ಸಮಭಾಜಕ ವೃತ್ತದ ಮಾತು ಬಂದೊಡನೆ ಮಕ್ಕಳು ಬರೆಯುವ ಉತ್ತರ ಸಾಮಾನ್ಯವಾಗಿ ಒಂದೇ: 'ಅಲ್ಲಿ ವರ್ಷವಿಡೀ ಸೆಕೆ, ವರ್ಷವಿಡೀ ಮಳೆ.' ಪರೀಕ್ಷೆಯಲ್ಲಿ ಇದಕ್ಕೆ ಅಂಕವೂ ಸಿಗುತ್ತದೆ. ಆದರೆ ಇದನ್ನೇ ನಂಬಿ, ತೆಳುವಾದ ಹತ್ತಿ ಬಟ್ಟೆಗಳನ್ನಷ್ಟೇ ಪೆಟ್ಟಿಗೆಗೆ ತುಂಬಿಕೊಂಡು ಈಕ್ವೆಡಾರ್ ದೇಶದ ರಾಜಧಾನಿ ಕ್ವಿಟೊದಲ್ಲಿ ಇಳಿಯುವ ಪ್ರವಾಸಿ ಮೊದಲ ರಾತ್ರಿಯೇ ಕಂಬಳಿಗಾಗಿ ತಡಕಾಡಬೇಕಾಗುತ್ತದೆ. ಸಮಭಾಜಕದಿಂದ ದಕ್ಷಿಣಕ್ಕೆ ಸುಮಾರು 25 ಕಿ.ಮೀ. ದೂರದಲ್ಲಿರುವ ಈ ನಗರದಲ್ಲಿ ರಾತ್ರಿಯ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿಯುವುದು ಮಾಮೂಲು ಸಂಗತಿ.

ದಕ್ಷಿಣ ಅಮೆರಿಕದ ಪಶ್ಚಿಮ ತೀರದಲ್ಲಿರುವ ಈಕ್ವೆಡಾರ್ ನಮ್ಮ ಕರ್ನಾಟಕಕ್ಕಿಂತ ದೊಡ್ಡದಾದರೂ ಚಿಕ್ಕ ದೇಶವೇ. ಸ್ಪ್ಯಾನಿಷ್ ಭಾಷೆಯಲ್ಲಿ ಅದರ ಹೆಸರಿನ ಅರ್ಥವೇ 'ಸಮಭಾಜಕ'. ಇಷ್ಟು ಚಿಕ್ಕ ದೇಶದಲ್ಲಿ ನಾಲ್ಕು ಬಗೆಯ ಹವೆಗಳಿವೆ. ಪೆಸಿಫಿಕ್ ಕರಾವಳಿಯಲ್ಲಿ ಬೆವರಿಳಿಸುವ ಸೆಕೆ. ನಡುವೆ ಆಂಡಿಸ್ ಪರ್ವತಗಳ ಮೇಲೆ ವಸಂತದಂಥ ತಂಪು, ಅದರ ನೆತ್ತಿಯಲ್ಲಿ ಮಂಜುಗಡ್ಡೆ. ಪೂರ್ವದ ಇಳಿಜಾರಿನ ಕೆಳಗೆ ಅಮೆಜಾನಿನ ಮಳೆಕಾಡು. ತೀರದಿಂದ ಸುಮಾರು 1,000 ಕಿ.ಮೀ. ದೂರದ ಸಮುದ್ರದಲ್ಲಿ ಗ್ಯಾಲಪಗೋಸ್ ದ್ವೀಪಗಳು.

ಒಂದೇ ಅಕ್ಷಾಂಶದಲ್ಲಿ ಇಷ್ಟೊಂದು ವ್ಯತ್ಯಾಸ ಹೇಗೆ? ಉತ್ತರದ ಮುಖ್ಯ ಭಾಗ ಎತ್ತರದಲ್ಲಿದೆ. ಕ್ವಿಟೊ ನಗರ ಸಮುದ್ರ ಮಟ್ಟದಿಂದ ಸುಮಾರು 2,850 ಮೀಟರ್ ಎತ್ತರದಲ್ಲಿದೆ. 'ಮೇಲೆ ಹೋದಂತೆ ಸೂರ್ಯನಿಗೆ ಹತ್ತಿರವಾಗುತ್ತೇವಲ್ಲ, ಬಿಸಿ ಹೆಚ್ಚಬೇಡವೇ?' ಎಂದು ಜಾಣ ವಿದ್ಯಾರ್ಥಿ ಕೇಳಿಯಾನು. ಸೂರ್ಯ ಇರುವುದು ಸುಮಾರು 15 ಕೋಟಿ ಕಿ.ಮೀ. ದೂರದಲ್ಲಿ. ಅದರೆದುರು ಮೂರು ಕಿ.ಮೀ. ಲೆಕ್ಕಕ್ಕೇ ಬಾರದು. ಗಾಳಿ ಬಿಸಿಯಾಗುವುದು ಹೆಚ್ಚಾಗಿ ಕಾದ ನೆಲದಿಂದ, ನೇರವಾಗಿ ಬಿಸಿಲಿನಿಂದ ಅಲ್ಲ. ಹಾಗೆ ಕಾದ ಗಾಳಿ ಮೇಲೇರಿದಂತೆ ಒತ್ತಡ ಕಡಿಮೆಯಾಗಿ ಹಿಗ್ಗುತ್ತದೆ; ಹಿಗ್ಗಿದಾಗ ತಣಿಯುತ್ತದೆ. ಸಾಮಾನ್ಯವಾಗಿ ಪ್ರತಿ 1,000 ಮೀಟರಿಗೆ ಆರು ಡಿಗ್ರಿಯಷ್ಟು ಇಳಿಕೆ. ಮಂಗಳೂರು, ಬೆಂಗಳೂರು, ಚೆನ್ನೈ ಮೂರೂ ಹೆಚ್ಚುಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದರೂ ಬೆಂಗಳೂರು ಮಾತ್ರ ತಂಪಾಗಿರಲು ಅದರ 900 ಮೀಟರಿಗೂ ಮಿಕ್ಕಿದ ಎತ್ತರವೇ ಕಾರಣ.

ಈ ಲೆಕ್ಕವನ್ನು ಕ್ವಿಟೊಗೆ ಹಚ್ಚಿ ನೋಡಿದರೆ ಒಂದು ತೊಡಕು ಎದುರಾಗುತ್ತದೆ. ಕರಾವಳಿಯ ಗ್ವಾಯಾಕಿಲ್ ಬಂದರಿನ ಸರಾಸರಿ ಉಷ್ಣಾಂಶ ಸುಮಾರು 26 ಡಿಗ್ರಿ. ಅದರಲ್ಲಿ 17 ಕಳೆದರೆ ಕ್ವಿಟೊದಲ್ಲಿ 9 ಡಿಗ್ರಿ ಇರಬೇಕು. ನಿಜವಾಗಿ ಇರುವುದು ಸುಮಾರು 14. ಸೂತ್ರ ತಪ್ಪಲ್ಲ, ಅದು ಬಯಲಲ್ಲಿ ನೇರ ಮೇಲಕ್ಕೆ ಹೋಗುವ ಗಾಳಿಯ ಲೆಕ್ಕ. ಕ್ವಿಟೊ ಕುಳಿತಿರುವ ವಿಶಾಲವಾದ ಎತ್ತರದ ಕಣಿವೆಯ ನೆಲ ಹಗಲಿಡೀ ಕಾದು, ಮೇಲಿನ ಗಾಳಿಯನ್ನು ಬೆಚ್ಚಗಾಗಿಸುತ್ತದೆ. ಜೊತೆಗೆ, ದಕ್ಷಿಣದಿಂದ ಬರುವ ತಣ್ಣನೆಯ ಸಮುದ್ರ ಪ್ರವಾಹದ ಪ್ರಭಾವ ಕರಾವಳಿಯ ಸೆಕೆಯನ್ನು ಕೊಂಚ ತಗ್ಗಿಸುತ್ತದೆ.

ಸಮಭಾಜಕದ ಬಳಿ ಹಗಲಿನ ಅವಧಿ ವರ್ಷವಿಡೀ ಸುಮಾರು 12 ಗಂಟೆ. ಆದ್ದರಿಂದ ಕ್ವಿಟೊದಲ್ಲಿ ತಿಂಗಳಿಂದ ತಿಂಗಳಿಗೆ ಉಷ್ಣಾಂಶ ಹೆಚ್ಚು ಬದಲಾಗದು. ಹಗಲು ರಾತ್ರಿಗಳ ನಡುವೆ ಮಾತ್ರ ಹತ್ತು ಡಿಗ್ರಿಯಷ್ಟು ಅಂತರ. ಮಳೆ ಹೆಚ್ಚಾಗಿ ಅಕ್ಟೋಬರಿನಿಂದ ಮೇವರೆಗೆ. ಜೂನಿನಿಂದ ಸೆಪ್ಟೆಂಬರ್ ಒಣ ಕಾಲ.

ಇಷ್ಟು ಹಿತವಾದ ಹವೆಗೂ ಪ್ರವಾಸಿ ಬೆಲೆ ತೆರಬೇಕು. ಅಲ್ಲಿನ ವಾಯುಭಾರ ಸಮುದ್ರ ಮಟ್ಟದ ಮುಕ್ಕಾಲು ಪಾಲಿಗಿಂತಲೂ ಕಡಿಮೆ. ಒಂದು ಉಸಿರಿನಲ್ಲಿ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ. ಮೊದಲ ಒಂದೆರಡು ದಿನ ತಲೆನೋವು, ಏದುಸಿರು ಬರಬಹುದು. ಇಳಿದ ದಿನವೇ ಮಕ್ಕಳನ್ನು ಕರೆದುಕೊಂಡು ಬೆಟ್ಟ ಹತ್ತುವುದು ಜಾಣತನವಲ್ಲ. ಹೃದಯ, ಶ್ವಾಸಕೋಶದ ತೊಂದರೆ ಇರುವ ಹಿರಿಯರು ಹೊರಡುವ ಮೊದಲೇ ವೈದ್ಯರನ್ನು ಕೇಳಬೇಕು. ತೆಳುವಾದ ಗಾಳಿ ಅತಿನೇರಳೆ ಕಿರಣಗಳನ್ನು ಹೆಚ್ಚು ತಡೆಯದ ಕಾರಣ, ಚಳಿ ಎನಿಸುವಾಗಲೂ ಬಿಸಿಲು ಚರ್ಮವನ್ನು ಸುಡುತ್ತದೆ. ನೀರು ಸುಮಾರು 90 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಬಹಳ ಹೊತ್ತು ಬೇಕು.

ಗ್ಯಾಲಪಗೋಸ್‌ನ ತಂಪಿಗೆ ಕಾರಣ ಬೇರೆ. ಅಲ್ಲಿ ಸಮುದ್ರದ ಆಳದಿಂದ ತಣ್ಣೀರು ಮೇಲೆದ್ದು ಬರುತ್ತದೆ. ಅದರೊಂದಿಗೆ ಮೀನುಗಳಿಗೆ ಬೇಕಾದ ಪೋಷಕಾಂಶಗಳೂ ಬರುತ್ತವೆ. ಆದ್ದರಿಂದಲೇ ಸಮಭಾಜಕದ ಮೇಲೂ ಪೆಂಗ್ವಿನ್‌ಗಳು ಬದುಕಿವೆ. ಎಲ್ ನಿನೊ ಬಂದು ನೀರು ಬೆಚ್ಚಗಾದರೆ ಮೀನು ಸಿಗದು. 1982-83ರ ಎಲ್ ನಿನೊದಲ್ಲಿ ಅಲ್ಲಿನ ಬಹುಪಾಲು ಪೆಂಗ್ವಿನ್‌ಗಳು ನಾಶವಾದವು.

ಎತ್ತರಕ್ಕೂ ಹವೆಗೂ ಇರುವ ನಂಟನ್ನು ಜಗತ್ತಿಗೆ ಚಿತ್ರ ಬಿಡಿಸಿ ತೋರಿಸಿದವನು ಜರ್ಮನಿಯ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್. 1802ರ ಜೂನ್‌ನಲ್ಲಿ ಆತ ಉಷ್ಣಮಾಪಕ, ವಾಯುಭಾರಮಾಪಕಗಳೊಂದಿಗೆ 6,263 ಮೀಟರ್ ಎತ್ತರದ ಚಿಂಬೊರಾಜೊ ಪರ್ವತವನ್ನು ಏರಿದ, ತುದಿ ಮುಟ್ಟಲಾಗಲಿಲ್ಲ. ಯಾವ ಎತ್ತರದಲ್ಲಿ ಯಾವ ಗಿಡ ಬೆಳೆಯುತ್ತದೆ ಎಂಬುದರ ಆತನ ಚಿತ್ರಪಟ 1807ರಲ್ಲಿ ಪ್ರಕಟವಾಯಿತು. 2012ರಲ್ಲಿ ವಿಜ್ಞಾನಿಗಳು ಮತ್ತೆ ಆ ಪರ್ವತ ಹತ್ತಿ, ಸಸ್ಯಗಳು ಸರಾಸರಿ 500 ಮೀಟರಿಗೂ ಹೆಚ್ಚು ಮೇಲೆ ಸರಿದಿವೆ ಎಂದು ಲೆಕ್ಕ ಹಾಕಿದರು. ಆದರೆ ಚಿತ್ರದಲ್ಲಿ ಚಿಂಬೊರಾಜೊ ಇದ್ದರೂ, ಎತ್ತರದ ಗಿಡಗಳನ್ನು ಹಂಬೋಲ್ಟ್ ಹೆಚ್ಚಾಗಿ ಸಂಗ್ರಹಿಸಿದ್ದು ಆಂಟಿಸಾನಾ ಎಂಬ ಬೇರೊಂದು ಪರ್ವತದಲ್ಲಿ ಎಂದು 2019ರಲ್ಲಿ ಇನ್ನೊಂದು ತಂಡ ತೋರಿಸಿತು. ಅಲ್ಲಿ ಅಳೆದಾಗ ಸಿಕ್ಕ ಏರಿಕೆ 215ರಿಂದ 266 ಮೀಟರ್. ಭೂಮಿ ಬಿಸಿಯಾದಂತೆ ಸಸ್ಯಗಳು ಮೇಲೇರುತ್ತಿರುವುದು ನಿಜವೇ. ಆದರೆ ಅಳತೆಯ ಜಾಗ ಸ್ಪಷ್ಟವಾಗಿರದ ಕಾರಣ ಉತ್ತರ ಎರಡು ಪಟ್ಟು ಹಿಗ್ಗಿತ್ತು.

ಇದರಲ್ಲಿ ವಿದ್ಯಾರ್ಥಿಗಳಿಗೂ ಪಾಠವಿದೆ. ಈ ರಜೆಯಲ್ಲಿ ನಂದಿಬೆಟ್ಟಕ್ಕೋ ಊರ ಬಳಿಯ ಗುಡ್ಡಕ್ಕೋ ಹೋಗುವವರು ಒಂದು ಸಾಮಾನ್ಯ ಉಷ್ಣಮಾಪಕ ಒಯ್ಯಲಿ. ಒಬ್ಬರು ತಪ್ಪಲಲ್ಲಿ, ಇನ್ನೊಬ್ಬರು ನೆತ್ತಿಯಲ್ಲಿ, ಒಂದೇ ಹೊತ್ತಿಗೆ, ಮರದ ನೆರಳಿನಲ್ಲಿ ಉಷ್ಣಾಂಶ ನೋಡಲಿ. ದಿನಾಂಕ, ಗಂಟೆ, ಎತ್ತರಗಳ ಜೊತೆಗೆ ಜಾಗದ ಹೆಸರನ್ನೂ ಮರೆಯದೆ ಬರೆದಿಡಲಿ. ಆ ಪುಟವನ್ನು ತಂದೆತಾಯಿ ಜೋಪಾನವಾಗಿಟ್ಟರೆ, ಮುಂದೆಂದೋ ಅದೇ ಗುಡ್ಡ ಹತ್ತುವವರಿಗೆ ಅದು ಉಪಯೋಗಕ್ಕೆ ಬಂದೀತು.