ಹೊಸ ಪಿಕಪ್‌ನ ಬಣ್ಣವೂ ಚಾಲಕನ ಸಂಬಳವೂ

ಕಳೆದ ಕೊಯ್ಲಿನ ಹಂಗಾಮಿಗೆ ಮುಂಚೆ ನಮ್ಮ ಸಂಘವು ಸದಸ್ಯರ ಕಾಫಿ, ಅಡಿಕೆಗಳನ್ನು ಡಿಪೋಗೆ ಸಾಗಿಸಲೆಂದು ಒಂದು ಹೊಸ ಪಿಕಪ್ ಗಾಡಿಯನ್ನು ಕೊಂಡ ವಿಷಯ ಸದಸ್ಯ ಬಾಂಧವರಿಗೆಲ್ಲ ತಿಳಿದೇ ಇದೆ. ಪೂಜೆಯ ದಿನ ಬಾನೆಟ್ಟಿನಲ್ಲಿ ಮುಖ ನೋಡಿಕೊಳ್ಳಬಹುದಾಗಿತ್ತು. ಮೂರೇ ವಾರಗಳಲ್ಲಿ ಅದರ ಎಡಬದಿ, ಬೆಕ್ಕು ಪರಚಿದಂತೆ, ಉದ್ದಕ್ಕೂ ಬಿಳಿ ಗೀರುಗಳಿಂದ ತುಂಬಿತು. ಹಿಂದಿನ ಬಾಡಿಯ ನೆಲದಲ್ಲಂತೂ ಅಲ್ಲಲ್ಲಿ ತಗಡೇ ಇಣುಕತೊಡಗಿತು. ಇದರ ಫಲವಾಗಿ ಆಡಳಿತ ಮಂಡಲಿಯ ಸಭೆಯಲ್ಲಿ ಒಂದು ನಿರ್ಣಯವಾಯಿತು. ಚಾಲಕನು ಅಜಾಗರೂಕತೆಯಿಂದ ಗಾಡಿ ಓಡಿಸಿರುವುದರಿಂದ ಬಣ್ಣದ ಖರ್ಚಿನ ಒಂದು ಪಾಲನ್ನು ಅವನ ಸಂಬಳದಿಂದ ಮುರಿದುಕೊಳ್ಳತಕ್ಕದ್ದು ಎಂದು.

ಆ ಸಭೆಯಲ್ಲಿ ನಾವೂ ಇದ್ದೆವು. ಕೈ ಎತ್ತಿದವರಲ್ಲಿ ನಾವೂ ಒಬ್ಬರು. ಆದ್ದರಿಂದ ಈ ಲೇಖನವನ್ನು ಬೇರೆಯವರ ತಪ್ಪನ್ನು ತೋರಿಸುವ ಉದ್ದೇಶದಿಂದ ಬರೆಯುತ್ತಿದ್ದೇವೆಂದು ಯಾರೂ ಭಾವಿಸಬಾರದು.

ಚಾಲಕ ಹೆಚ್ಚು ಮಾತಾಡಲಿಲ್ಲ. "ಸಾರ್, ಕೊಂಬೆ ತಾಗಿದ್ದು ನಿಜ, ಇಲ್ಲ ಅನ್ನಲ್ಲ. ಆದ್ರೆ ಇದೇ ದಾರಿ, ಇದೇ ಲಂಟಾನ. ಹಳೇ ಜೀಪನ್ನ ನಾನೇ ಹನ್ನೆರಡು ವರ್ಷ ಓಡಿಸ್ಲಿಲ್ವಾ? ಅದಕ್ಕೆ ಹೀಗಾಗಿತ್ತಾ?" ಎಂದಷ್ಟೇ ಕೇಳಿ ಸುಮ್ಮನಾದ. ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಆ ಮೇಲೆ ವಿಚಾರಿಸಿದಾಗ ತಿಳಿದುಬಂದ ಸಂಗತಿಗಳನ್ನು, ಹೊಸ ಗಾಡಿ ಕೊಂಡಿರುವ ಹಾಗೂ ಕೊಳ್ಳಲಿರುವ ಸದಸ್ಯರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಇಂದಿನ ಗಾಡಿಯ ಮೇಲಿನ ಬಣ್ಣ ಒಂದೇ ಪದರವಲ್ಲ. ತಗಡನ್ನು ತೊಳೆದು, ಅದಕ್ಕೆ ಫಾಸ್ಫೇಟ್ ಸಂಸ್ಕಾರ ಕೊಟ್ಟು, ಬಳಿಕ ಇಡೀ ಬಾಡಿಯನ್ನು ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನ ಸಹಾಯದಿಂದ ಒಂದು ಪದರ ಹತ್ತಿಸುತ್ತಾರೆ. ಇದು ಸುಮಾರು 20 ಮೈಕ್ರಾನ್. ತುಕ್ಕನ್ನು ನಿಜವಾಗಿ ತಡೆಯುವುದು ಇದೇ. ಅದರ ಮೇಲೆ 30 ಮೈಕ್ರಾನಿನ ಆಸುಪಾಸು ಪ್ರೈಮರ್, ಅದರ ಮೇಲೆ 15ರ ಆಸುಪಾಸು ಬಣ್ಣ, ಕೊನೆಗೆ 35ರಿಂದ 50 ಮೈಕ್ರಾನಿನ ಪಾರದರ್ಶಕ ಪದರ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಎಲ್ಲ ಕೂಡಿದರೂ ನೂರು, ನೂರಿಪ್ಪತ್ತು ಮೈಕ್ರಾನ್. ಅಂದರೆ ತಮ್ಮ ಕೈಯಲ್ಲಿರುವ ಈ ಪತ್ರಿಕೆಯ ಒಂದು ಹಾಳೆಯಷ್ಟು ದಪ್ಪ. ಹತ್ತು ಲಕ್ಷದ ಗಾಡಿಗೂ ನಮ್ಮ ಮಲೆನಾಡಿನ ಮಳೆಗೂ ನಡುವೆ ಇರುವುದು ಇಷ್ಟೇ. ಸಾದಾ ಬಿಳಿ ಬಣ್ಣದ ಸರಕು ಗಾಡಿಗಳಲ್ಲಿ ಕೆಲವಕ್ಕೆ ಮೇಲಿನ ಪಾರದರ್ಶಕ ಪದರವೂ ಇರುವುದಿಲ್ಲ.

ನಮಗೆ ಪರಿಚಯವಿರುವ ಟಿಂಕರಿಂಗ್ ಶಾಪಿನವರೊಬ್ಬರ ಬಳಿ ಬಣ್ಣದ ದಪ್ಪವನ್ನು ಅಳೆಯುವ ಕೈಯಳತೆಯ ಸಣ್ಣ ಯಂತ್ರವಿದೆ. ತಗಡಿಗೆ ಮುಟ್ಟಿಸಿದರೆ ಅಂಕಿ ತೋರಿಸುತ್ತದೆ. ಸಂಘದ ಗಾಡಿಯನ್ನು ಅವರಲ್ಲಿಗೆ ಒಯ್ದೆವು. ಬಾನೆಟ್ಟಿನ ಮೇಲೆ ನೂರರ ಹತ್ತಿರ ಬಂತು. ಪಕ್ಕದ ತಗಡಿನಲ್ಲಿ ಅದಕ್ಕಿಂತ ಕಡಿಮೆ. ಹಿಂದಿನ ಬಾಡಿಯ ನೆಲದಲ್ಲಿ, ಗೀರು ಬೀಳದ ಮೂಲೆಯಲ್ಲಿಯೇ ಇಟ್ಟು ನೋಡಿದರೂ, ಬಾನೆಟ್ಟಿನ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಕೊಕ್ಕೆ, ಏಣಿ, ದೋಟಿ, ಗೊಬ್ಬರದ ಚೀಲ, ಔಷಧದ ಡ್ರಮ್ಮು ಎಲ್ಲವೂ ಬೀಳುವ ಜಾಗಕ್ಕೆ ಎಲ್ಲಕ್ಕಿಂತ ತೆಳುವಾದ ಬಣ್ಣ! ಯಾರೂ ಏನನ್ನೂ ಹೇರದ ಬಾನೆಟ್ಟಿಗೆ ಎಲ್ಲಕ್ಕಿಂತ ದಪ್ಪನೆಯದು. ಷೋರೂಮಿನಲ್ಲಿ ಗಿರಾಕಿ ಮೊದಲು ನೋಡುವುದು ಯಾವುದನ್ನು ಎಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ.

ಹಾಗಾದರೆ ಹಳೆಯ ಕಾಲದ ಬಣ್ಣವೇ ಉತ್ತಮವಾಗಿತ್ತೇ? ಇಲ್ಲಿ ನಾವು ಭಾವುಕರಾಗಬಾರದು. ನಮ್ಮ ಹಳೆಯ ಜೀಪಿನ ಬಣ್ಣ ದಪ್ಪವಾಗಿದ್ದುದು ನಿಜ. ಆದರೆ ನಾಲ್ಕಾರು ವರ್ಷಗಳಿಗೊಮ್ಮೆ ಅದಕ್ಕೆ ಪೇಟೆಯಲ್ಲಿ ಮೇಲಿಂದ ಮೇಲೆ ಬಣ್ಣ ಹೊಡೆಸಿದ್ದೂ ಅಷ್ಟೇ ನಿಜ. ಅದರ ತಳ ತುಕ್ಕು ಹಿಡಿದು, ಕಾಲಿಡುವಲ್ಲಿ ನೆಲ ಕಾಣುತ್ತಿದ್ದುದನ್ನು ಹಿರಿಯ ಸದಸ್ಯರು ಮರೆತಿರಲಾರರು. ತೊಟ್ಟಿಯಲ್ಲಿ ಮುಳುಗಿಸುವ ಇಂದಿನ ಪದರವು ಸಂದುಗೊಂದುಗಳಿಗೂ ಹೋಗುತ್ತದೆ. ಆ ದೃಷ್ಟಿಯಿಂದ ಇಂದಿನ ಗಾಡಿ, ಗೀರು ಬೀಳದಿದ್ದರೆ, ಹಳೆಯದಕ್ಕಿಂತ ಎಷ್ಟೋ ಮೇಲು. ಆದರೆ ಗೀರು ಬೀಳದಿರಲು ತೋಟದ ಗಾಡಿಯೇನು ಮದುವೆಯ ಕಾರೇ?

ಬಣ್ಣದ ಚರಿತ್ರೆಯನ್ನು ನೋಡಿದರೆ ಅದು ಹೆಚ್ಚು ಪಾಲು ಒಣಗುವ ಅವಧಿಯ ಚರಿತ್ರೆಯೇ ಆಗಿದೆ. ಮೋಟಾರು ಗಾಡಿಗಳ ಮೊದಮೊದಲ ಕಾಲದಲ್ಲಿ ಒಂದು ಗಾಡಿಗೆ ಬಣ್ಣ ಬಳಿದು ಒಣಗಿಸಲು ವಾರಗಟ್ಟಲೆ ಬೇಕಾಗುತ್ತಿತ್ತು. 1923ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯ ಡ್ಯೂಕೋ ಎಂಬ ಬೇಗ ಒಣಗುವ ಬಣ್ಣ ಜನರಲ್ ಮೋಟಾರ್ಸ್‌ನ ಗಾಡಿಗಳಿಗೆ ಬಂದು, ವಾರಗಳ ಕೆಲಸ ಗಂಟೆಗಳಿಗಿಳಿಯಿತು. ನಮ್ಮ ಪೇಟೆಗಳಲ್ಲಿ ಇಂದಿಗೂ "ಡ್ಯೂಕೋ ಹೊಡೆಸುವುದು" ಎಂಬ ಮಾತು ಉಳಿದಿರುವುದು ಅದರಿಂದಲೇ. ಅಂದಿನಿಂದ ಇಂದಿನವರೆಗೂ ಕಾರ್ಖಾನೆಯವರ ಗಮನವೆಲ್ಲ ಸಮಯ, ಇಂಧನ, ಸಾಮಗ್ರಿಗಳನ್ನು ಉಳಿಸುವುದರ ಮೇಲೆ. ಒಂದೊಂದು ಪದರವನ್ನೂ ದೊಡ್ಡ ಒಲೆಯಲ್ಲಿ ಬೇಯಿಸಬೇಕಾದ್ದರಿಂದ ಒಂದು ಒಲೆ ಕಡಿಮೆಯಾದರೆ ಅಷ್ಟು ಲಾಭ. ಇತ್ತೀಚಿನ ದಶಕಗಳಲ್ಲಿ ಅನೇಕ ಕಾರ್ಖಾನೆಗಳು ಪ್ರೈಮರನ್ನು ಬೇರೆಯಾಗಿ ಬೇಯಿಸದೆ ಹಸಿಯ ಮೇಲೆ ಹಸಿಯಾಗಿಯೇ ಬಣ್ಣ ಹೊಡೆಯುವ ಕ್ರಮಕ್ಕೆ ಬಂದಿವೆ. ಕೆಲವಂತೂ ಪ್ರೈಮರ್ ಪದರವನ್ನೇ ಕೈಬಿಟ್ಟಿವೆ.

ಇನ್ನೊಂದು ಬದಲಾವಣೆಯೂ ಆಗಿದೆ. ಹಿಂದೆ ಬಣ್ಣವನ್ನು ತಿನ್ನರಿನಂಥ ದ್ರಾವಕಗಳಲ್ಲಿ ಕಲಸುತ್ತಿದ್ದರು. ಅದರ ಆವಿ ಕೆಲಸಗಾರರ ಶ್ವಾಸಕೋಶಕ್ಕೂ ಊರಿನ ಗಾಳಿಗೂ ಕೆಟ್ಟದ್ದು. ಈಗ ಪ್ರಪಂಚದ ಅನೇಕ ಕಾರ್ಖಾನೆಗಳಲ್ಲಿ ನೀರಿನಲ್ಲಿ ಕಲಸಿದ ಬಣ್ಣ ಬಂದಿದೆ. ಗೀರು ಬಿತ್ತೆಂದ ಕೂಡಲೇ "ನೀರಿನ ಬಣ್ಣ ಸಾರ್, ಇನ್ನೇನಾದೀತು" ಎಂದು ಇದನ್ನೇ ದೂರುವುದು ಟಿಂಕರಿಂಗ್ ಶಾಪುಗಳಲ್ಲಿ ರೂಢಿಯಾಗಿದೆ. ಈ ಮಾತು ಸರಿಯಲ್ಲ. ಗೀರು ಮೊದಲು ಬೀಳುವುದು ಮೇಲಿನ ಪಾರದರ್ಶಕ ಪದರಕ್ಕೆ, ಕೆಳಗಿನ ಬಣ್ಣಕ್ಕಲ್ಲ. ಬಣ್ಣ ಬಳಿಯುವವನ ಎದೆಯನ್ನು ಕೆಡಿಸಿ ನಮ್ಮ ಗಾಡಿ ಹೊಳೆಯಬೇಕೆಂದು ನಾವು ಕೇಳುತ್ತಿಲ್ಲ. ಗಟ್ಟಿ ಪದರ ಸಾಧ್ಯವಿಲ್ಲದ ಮಾತೂ ಅಲ್ಲ. 2003ರಲ್ಲಿಯೇ ಮರ್ಸಿಡಿಸ್ ಬೆಂಜ್‌ನವರು ಅತಿಸೂಕ್ಷ್ಮ ಸಿರಾಮಿಕ್ ಕಣಗಳನ್ನು ಸೇರಿಸಿದ, ಗೀರು ತಡೆಯುವ ಪದರವನ್ನು ತಮ್ಮ ಕಾರುಗಳಿಗೆ ತಂದರು. 2005ರಲ್ಲಿ ನಿಸಾನ್‌ನವರು ಸಣ್ಣ ಗೀರುಗಳು ತಾವಾಗಿಯೇ ಕೂಡಿಕೊಳ್ಳುವ ಪದರವನ್ನು ಪ್ರಕಟಿಸಿದರು. ಮುಳ್ಳುಪೊದೆಯ ನಡುವೆ ದಿನ ಕಳೆಯುವ ಸರಕು ಗಾಡಿಗೆ ಮಾತ್ರ ತೆಳ್ಳನೆಯದೇ ಸಾಕೆಂಬುದು ಯಾವ ನ್ಯಾಯ?

ಎಲ್ಲ ಗೀರೂ ಒಂದೇ ಅಲ್ಲವೆಂಬುದನ್ನು ಸದಸ್ಯರು ಗಮನಿಸಬೇಕು. ಗೀರಿನ ಮೇಲೆ ನೀರು ಸವರಿ ನೋಡಿ. ಒದ್ದೆಯಾದಾಗ ಗೀರು ಮಾಯವಾಗಿ, ಒಣಗಿದಾಗ ಮತ್ತೆ ಬಿಳಿಯಾಗಿ ಕಂಡರೆ ಅದು ಮೇಲಿನ ಪದರದ್ದು ಮಾತ್ರ. ಅಂದಕ್ಕೆ ಕುಂದು, ತಗಡಿಗೆ ಅಪಾಯವಿಲ್ಲ. ಅದಕ್ಕಾಗಿ ಸಾವಿರಾರು ರೂಪಾಯಿ ಕೊಟ್ಟು ಷೋರೂಮಿನವರು ಹೇಳುವ ಲೇಪನಗಳನ್ನೆಲ್ಲ ಮಾಡಿಸಬೇಕಾಗಿಲ್ಲ. ಉಗುರು ಸಿಕ್ಕಿಕೊಳ್ಳುವಷ್ಟು ಆಳವಿದ್ದು ಒಳಗೆ ಬೂದು ಬಣ್ಣ ಕಂಡರೆ ಎಚ್ಚರ ವಹಿಸಬೇಕು. ತಗಡು ಹೊಳೆದರೆ ಅಂದೇ ಕೆಲಸ ಮಾಡಿಸಬೇಕು. ವರ್ಷಕ್ಕೆ 7,000 ಮಿ.ಮೀ. ಮೀರುವ ಆಗುಂಬೆಯ ಮಳೆ ಎಲ್ಲರ ತೋಟದಲ್ಲಿಲ್ಲದಿರಬಹುದು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಡಿ ಒಣಗುವ ದಿನ ಎಷ್ಟಿದ್ದೀತು?

ಮಳೆಯೊಂದೇ ಆಗಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ಬೋರ್ಡೋ ದ್ರಾವಣ ತಯಾರಿಸುವಾಗ ನಾವೆಲ್ಲ ಮಾಡುವ ಒಂದು ಪರೀಕ್ಷೆಯನ್ನು ನೆನಪಿಸಿಕೊಳ್ಳಿ. ಉಜ್ಜಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ತೆಗೆಯುತ್ತೇವೆ. ಅಲಗಿನ ಮೇಲೆ ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಆ ಕೆಂಪು ತಾಮ್ರವಲ್ಲದೆ ಬೇರೆಯಲ್ಲ. ಮೈಲುತುತ್ತದಲ್ಲಿರುವ ತಾಮ್ರ ಕಬ್ಬಿಣದ ಮೇಲೆ ಕುಳಿತುಕೊಳ್ಳುತ್ತದೆ, ಅದರ ಬದಲಿಗೆ ಅಷ್ಟು ಕಬ್ಬಿಣ ಕರಗಿ ಹೋಗುತ್ತದೆ. ಕತ್ತಿಗೆ ಆಗುವುದೇ ಗೀರು ಬಿದ್ದ ತಗಡಿಗೂ ಆಗುತ್ತದೆ. ಮೈಲುತುತ್ತದ ಚೀಲ ಒಡೆದು ಹಿಂದಿನ ಬಾಡಿಯ ಮೂಲೆಯಲ್ಲಿ ಚೆಲ್ಲಿ, ಅದರ ಮೇಲೆ ಒಂದು ಮಳೆ ಬಿದ್ದರೆ ಸಾಕು. ಪೊಟ್ಯಾಷ್ ಗೊಬ್ಬರವೂ ಒಂದು ಬಗೆಯ ಉಪ್ಪೇ. ಸಮುದ್ರತೀರದ ತಗಡಿಗೆ ಆಗುವ ಗತಿ ಅದರಿಂದ ಘಟ್ಟದ ಮೇಲಿನ ಗಾಡಿಗೂ ಆಗುತ್ತದೆ. ಕಾಫಿ ಹಣ್ಣಿನ ಲೋಳೆ ಹುಳಿತು ಸೋರಿದರೆ ಅದೂ ಆಮ್ಲವೇ. ಸಾಲದುದಕ್ಕೆ, ಬಾಡಿಯ ಮೂಲೆಗಳಲ್ಲಿ ನೀರು ಹೋಗಲೆಂದು ಬಿಟ್ಟ ತೂತುಗಳಲ್ಲಿ ಅಡಿಕೆ ಸಿಪ್ಪೆಯ ನಾರೂ ಕಾಫಿ ಹಣ್ಣೂ ಸಿಕ್ಕಿಕೊಂಡು ನೀರು ಅಲ್ಲೇ ನಿಲ್ಲುತ್ತದೆ. ಸಂಘದ ಗಾಡಿಯ ತೂತಿನಿಂದ ನಾವು ತಂತಿ ಹಾಕಿ ತೆಗೆದದ್ದು ಒಂದು ಹಿಡಿ ಕಸ. (ಎಲೆಯ ತುಕ್ಕಿಗಾದರೆ ಬಾಳೆಹೊನ್ನೂರಿನವರನ್ನು ಕೇಳಬಹುದು, ಈ ತುಕ್ಕಿಗೆ ಅವರೇನು ಮಾಡಿಯಾರು!)

ಮಾರಾಟಗಾರರನ್ನು ಕೇಳಿದೆವು. ವಾರಂಟಿಯಲ್ಲಿ ತುಕ್ಕಿನ ಪ್ರಸ್ತಾಪವೇನೋ ಇದೆ. ಆದರೆ ಹೊರಗಿನ ಪೆಟ್ಟಿನಿಂದ, ಗೀರಿನಿಂದ, ರಾಸಾಯನಿಕದಿಂದ ಆದ ತುಕ್ಕಿಗೆ ಅದು ಅನ್ವಯಿಸುವುದಿಲ್ಲವೆಂದು ಅಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿದೆ. ಸರಕು ಗಾಡಿಯ ಬಾಡಿಗೆ ಇವು ಮೂರನ್ನು ಬಿಟ್ಟು ಬೇರೆ ಯಾವುದರಿಂದ ತುಕ್ಕು ಬರಬೇಕೆಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ, ಕಾಫಿ ಬಂತು. ಕೋರ್ಟಿನ ಮಾತೆತ್ತಿದ ಸದಸ್ಯರಿಗೆ ಒಂದು ಸೂಚನೆ: 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ವಾಣಿಜ್ಯ ಉದ್ದೇಶಕ್ಕೆ ಕೊಂಡ ವಸ್ತುಗಳನ್ನು ಹೊರಗಿಡುತ್ತದೆ. ಆದರೆ ಸ್ವಂತ ದುಡಿಮೆಯಿಂದ ಜೀವನ ಸಾಗಿಸುವುದಕ್ಕೆಂದೇ ಕೊಂಡದ್ದಾದರೆ ಕೊಂಡವನು ಗ್ರಾಹಕನೇ. ಸಂಘದ ಗಾಡಿಗಿಂತ ಸಣ್ಣ ಬೆಳೆಗಾರನ ಗಾಡಿಗೆ ಅಲ್ಲಿ ಹೆಚ್ಚು ಆಸ್ಪದವಿದೆ.

ನಮ್ಮ ಅಭಿಪ್ರಾಯದಲ್ಲಿ ಕೇಳಬೇಕಾದ್ದು ಹೆಚ್ಚಿನ ಹೊಳಪನ್ನಲ್ಲ. ಹಿಂದಿನ ಬಾಡಿಯ ಒಳಭಾಗಕ್ಕೆ ಹೊಳಪೇ ಬೇಡ. ಅಲ್ಲಿಗೆ ಒರಟಾದ, ದಪ್ಪನೆಯ, ಎರಡು ಮೂರು ಮಿಲಿಮೀಟರಿನ ಪಾಲಿಯುರೆಥೇನ್ ಲೇಪನವನ್ನು ಗಾಡಿ ಒಪ್ಪಿಸುವ ಮೊದಲೇ, ತಗಡು ಹೊಸದಾಗಿರುವಾಗಲೇ, ಬೆಲೆಯೊಳಗೇ ಸೇರಿಸಿ ಕೊಡಲಿ. ಮೇಲಿಂದ ಇಡುವ ಪ್ಲಾಸ್ಟಿಕ್ ತಟ್ಟೆಗಿಂತ ಇದು ಲೇಸು. ತಟ್ಟೆಯ ಅಡಿಯಲ್ಲಿ ನೀರು ನಿಂತು, ನಮಗೆ ಗೊತ್ತಾಗುವಷ್ಟರಲ್ಲಿ ತಗಡು ಜರಡಿಯಾಗಿರುತ್ತದೆ. ಒಬ್ಬೊಬ್ಬರೇ ಹೋಗಿ ಕೇಳಿದರೆ ನಗುತ್ತಾರೆ. ನಮ್ಮ ಸದಸ್ಯರಲ್ಲಿ ಪ್ರತಿ ವರ್ಷ ಗಾಡಿ ಕೊಳ್ಳುವವರೆಲ್ಲ ಸಂಘದ ಮೂಲಕ ಒಟ್ಟಾಗಿ ಬೆಲೆ ಕೇಳಿದರೆ ಮಾತಿನ ತೂಕವೇ ಬೇರೆಯಾಗುತ್ತದೆ. ಗೊಬ್ಬರಕ್ಕೆ ನಾವು ಮಾಡುತ್ತಿರುವುದು ಇದನ್ನೇ ಅಲ್ಲವೇ? ಅದರ ಜತೆಗೆ ಗಾಡಿ ಬಿಡಿಸಿಕೊಳ್ಳುವ ದಿನವೇ ಬಣ್ಣದ ದಪ್ಪವನ್ನು ಅಳೆದು ಕಾಗದದ ಮೇಲೆ ಬರೆಸಿಕೊಳ್ಳಬೇಕು. ಅಳೆಯುವ ಯಂತ್ರವೊಂದನ್ನು ಸಂಘ ಕೊಂಡಿಟ್ಟರೆ ಎಲ್ಲರಿಗೂ ಆದೀತು.

ಈಗಾಗಲೇ ಗಾಡಿ ಇರುವವರು ಕೊಯ್ಲಿಗೆ ಮುಂಚೆ, ಮಳೆ ಬಿಟ್ಟ ಮೇಲೆ, ತಗಡು ಕಂಡ ಜಾಗವನ್ನೆಲ್ಲ ಉಪ್ಪುಕಾಗದದಿಂದ ಉಜ್ಜಿ, ತೊಳೆದು, ಪೂರ್ತಿ ಒಣಗಿಸಿ, ಎಪಾಕ್ಸಿ ಪ್ರೈಮರ್ ಹಚ್ಚಿ ಅದರ ಮೇಲೆ ಬಣ್ಣ ಕೊಡತಕ್ಕದ್ದು. ಮನೆಯಲ್ಲಿ ಉಳಿದ ರೆಡ್ ಆಕ್ಸೈಡ್ ಒಂದನ್ನೇ ಬಳಿದು ಬಿಡುವ ನಮ್ಮೆಲ್ಲರ ಅಭ್ಯಾಸ ಇಲ್ಲಿ ಸಾಲದು. ಮೇಲೆ ಬಣ್ಣವಿಲ್ಲದ ರೆಡ್ ಆಕ್ಸೈಡ್ ನೀರನ್ನು ಒಳಗೆ ಬಿಡುತ್ತದೆ. ಮೈಲುತುತ್ತ, ಪೊಟ್ಯಾಷ್ ಸಾಗಿಸಿದ ಸಂಜೆಯೇ ಬಾಡಿಯನ್ನು ತೊಳೆಯಬೇಕು, ತೂತುಗಳಿಗೆ ತಂತಿ ಹಾಕಿ ನೋಡಬೇಕು.

ಅಳತೆಯ ಅಂಕಿಗಳನ್ನು ನಾವು ಆಡಳಿತ ಮಂಡಲಿಯ ಮುಂದಿಟ್ಟೆವು. ಚರ್ಚೆ ಸ್ವಲ್ಪ ಬಿಸಿಯಾಗಿಯೇ ನಡೆಯಿತು. ಅಳತೆ ಏನೇ ಇರಲಿ, ಗಾಡಿಯನ್ನು ಕೊಂಬೆಗೆ ಉಜ್ಜಿಸಿದ್ದು ಚಾಲಕನೇ ಅಲ್ಲವೇ ಎಂದು ಹಿರಿಯ ನಿರ್ದೇಶಕರೊಬ್ಬರು ಕೇಳಿದರು. ಆ ದಾರಿಯ ಲಂಟಾನವನ್ನು ಎರಡು ವರ್ಷಗಳಿಂದ ಸವರಿಸದೆ ಬಿಟ್ಟವರು ಯಾರು ಎಂದು ಇನ್ನೊಬ್ಬರು ಕೇಳಿದಾಗ, ಆ ದಾರಿ ಅವರದೇ ತೋಟದ್ದಾದ್ದರಿಂದ, ಮಾತು ಅಲ್ಲಿಗೆ ನಿಂತಿತು. ಮುರಿದುಕೊಂಡ ಎರಡು ಕಂತಿನ ಹಣವನ್ನು ಚಾಲಕನಿಗೆ ಹಿಂದಿರುಗಿಸಲಾಗಿದೆ. ಮೂರನೆಯ ಕಂತನ್ನು ರದ್ದುಪಡಿಸಲಾಗಿದೆ. ಒಟ್ಟಾಗಿ ಬೆಲೆ ಕೇಳುವ ವಿಷಯ ಬರುವ ಮಹಾಸಭೆಯ ಕಾರ್ಯಸೂಚಿಯಲ್ಲಿದೆ. ಮುಂದಿನ ವರ್ಷ ಗಾಡಿ ಕೊಳ್ಳುವ ಇರಾದೆಯಿರುವ ಸದಸ್ಯರು ಅಷ್ಟರೊಳಗೆ ತಮ್ಮ ಹೆಸರನ್ನು ಕಚೇರಿಯ ಪುಸ್ತಕದಲ್ಲಿ ಬರೆಸಬೇಕಾಗಿ ಕೋರುತ್ತೇವೆ.