ತುಂಡಾದ ಸರಪಳಿಯ ಪಾಠ

೨೦೦೪ರ ಡಿಸೆಂಬರ್ ೨೬ರಂದು ಸುನಾಮಿಯು ತಮಿಳುನಾಡಿನ ಕರಾವಳಿಯನ್ನು ಬಡಿದಾಗ, ಕಡಲಿನಿಂದ ಬಹುದೂರದ ಎಮ್ಮಿಗನೂರಿನಂತಹ ಊರುಗಳವರು ಅದನ್ನು ಪರರಿಗೊದಗಿದ ವಿಪತ್ತೆಂದು ಮರುಗಿ ಸುಮ್ಮನಾದುದು ಸಹಜವೇ. ಆದರೆ ನಮ್ಮ ಸೀಮೆಗೂ ಒಂದು ಕಡಲುಂಟು. ಅದು ಹೊಸಪೇಟೆಯ ಬಳಿ ತುಂಗಭದ್ರೆಯ ಕಟ್ಟೆಯ ಹಿಂದೆ ನಿಂತಿದೆ.

೨೦೨೪ರ ಆಗಸ್ಟ್ ೧೦ರ ರಾತ್ರಿ ಆ ಅಣೆಕಟ್ಟಿನ ೧೯ನೆಯ ಗೇಟು, ಸರಪಳಿ ತುಂಡಾಗಿ, ಕೊಚ್ಚಿಹೋಯಿತು. ಕಟ್ಟೆಯ ಮೇಲಣ ಒತ್ತಡವನ್ನು ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಕಂಪ್ಲಿ ಸೀಮೆಯ ಭತ್ತಕ್ಕೆ ಆಧಾರವಾದ ನೀರು ರೈತನ ಕಣ್ಣೆದುರೇ ಹರಿದುಹೋಯಿತು. ರಭಸದ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನಿಳಿಸಿ ಒಂದು ವಾರದಲ್ಲಿ ಆ ಬಾಯನ್ನು ಮುಚ್ಚಿದ ಕನ್ನಯ್ಯ ನಾಯ್ಡು ಅವರನ್ನೂ ಅವರೊಡನೆ ದುಡಿದ ಕೆಲಸಗಾರರನ್ನೂ ಎಷ್ಟು ಕೊಂಡಾಡಿದರೂ ಕಡಮೆಯೇ.

ಆದರೆ ಸಾಹಸವು ಸಿದ್ಧತೆಯ ಸ್ಥಾನವನ್ನು ತುಂಬಲಾರದು. ೧೯೫೩ರಲ್ಲಿ ಮುಗಿದ ಕಟ್ಟೆಯ ಕಬ್ಬಿಣಕ್ಕೆ ಮುಪ್ಪು ಬಂದೀತೆಂಬುದನ್ನು ಅರಿಯಲು ವಿಶೇಷ ಪಾಂಡಿತ್ಯವು ಬೇಕಿರಲಿಲ್ಲ. ಆಪತ್ಕಾಲಕ್ಕೆ ಬೇಕಾದ ಹಲಗೆಗಳು ಸಿದ್ಧವಾಗಿರಲಿಲ್ಲ. ಅವಘಡವಾದ ಮೇಲೆ ಮಾಡಿಸಿ ತರಬೇಕಾಯಿತು. ೨೦೨೫ರಲ್ಲಿ ಗೇಟುಗಳ ಭಯದಿಂದ ೧೦೫ ಟಿ.ಎಂ.ಸಿ.ಯ ಬದಲು ಸುಮಾರು ೮೦ರಷ್ಟೇ ನೀರನ್ನು ನಿಲ್ಲಿಸಲಾಯಿತು. ಗೇಟುಗಳನ್ನು ಬದಲಿಸುವುದಕ್ಕಾಗಿ ಎರಡನೆಯ ಬೆಳೆಗೆ ನೀರಿಲ್ಲವೆಂದೂ ತೀರ್ಮಾನವಾಯಿತು. ಕಾಲಕ್ಕೆ ಸರಿಯಾಗಿ ಮಾಡದ ಕೆಲಸದ ದಂಡವನ್ನು ತೆತ್ತವನು ರೈತನೇ ಅಲ್ಲವೇ?

ಸುನಾಮಿಯ ತರುವಾಯ ನಮ್ಮ ದೇಶವು ೨೦೦೭ರಲ್ಲಿ ಹೈದರಾಬಾದಿನಲ್ಲಿ ಮುನ್ನೆಚ್ಚರಿಕೆಯ ಕೇಂದ್ರವನ್ನು ಸ್ಥಾಪಿಸಿತು. ಕಡಲತಡಿಯವರಿಗೆ ಸಲ್ಲುವ ಎಚ್ಚರಿಕೆಯು ಹೊಳೆದಂಡೆಯವರಿಗೂ ಸಲ್ಲಬೇಕು. ೨೦೨೧ರ ಅಣೆಕಟ್ಟು ಸುರಕ್ಷತಾ ಕಾಯಿದೆಯು ತುರ್ತು ಕಾರ್ಯಯೋಜನೆಯನ್ನು ಕಡ್ಡಾಯಗೊಳಿಸಿದೆ. ಆ ಯೋಜನೆಯು ಕಚೇರಿಯ ಕಪಾಟಿನಲ್ಲಿ ಉಳಿಯದೆ ಗ್ರಾಮ ಗ್ರಾಮಕ್ಕೂ ತಿಳಿದಿರಬೇಕು. ಹೆಚ್ಚು ನೀರು ಬಿಟ್ಟಾಗಲೆಲ್ಲ ಕಂಪ್ಲಿಯ ಸೇತುವೆಯು ಮುಳುಗಿ ಗಂಗಾವತಿಯ ದಾರಿ ಕಡಿಯುತ್ತಿದ್ದುದನ್ನು ಬಲ್ಲ ಜನರಿಗೆ, ನೀರು ಎಷ್ಟು ಹೊತ್ತಿಗೆ ಎಲ್ಲಿಗೆ ಬರುವುದು, ಯಾವ ಎತ್ತರಕ್ಕೆ ಸರಿಯಬೇಕು ಎಂಬುದನ್ನು ಮಳೆಗಾಲಕ್ಕೆ ಮೊದಲೇ ಹೇಳುವುದು ಅಸಾಧ್ಯವೇನಲ್ಲ.

ಪ್ರತಿ ಬೇಸಿಗೆಯಲ್ಲಿಯೂ ಗೇಟು ಸರಪಳಿಗಳ ಪರೀಕ್ಷೆ ನಡೆದು, ಅದರ ವರದಿಯು ಕನ್ನಡದಲ್ಲಿ ಪ್ರಕಟವಾಗಬೇಕೆಂದು ನಾವು ಆಗ್ರಹಪಡಿಸುತ್ತೇವೆ. ಅಲೆಯು ಹೇಳಿ ಬರುವುದಿಲ್ಲ. ತುಕ್ಕಾದರೋ ವರ್ಷಗಟ್ಟಲೆ ಹೇಳುತ್ತಲೇ ಇರುತ್ತದೆ. ಅದನ್ನು ಕೇಳುವ ಕಿವಿಗಳು ಅಧಿಕಾರಿಗಳಿಗಿರಲಿ; ಕೇಳಿಸುವ ಧೈರ್ಯ ನಮ್ಮ ಜನರಿಗಿರಲಿ.