ಕಲ್ಲು ಸುರಿದರೆ ದಂಡೆ ಉಳಿಯದು



ಮಳೆಗಾಲ ಜೋರಾಯಿತೆಂದರೆ ಕಾರವಾರ, ಅಂಕೋಲಾ ಕಡೆಯಿಂದ ಬರುವ ಸುದ್ದಿ ಒಂದೇ. ದೇವಬಾಗದಲ್ಲಿ ಗಾಳಿಮರ ಉರುಳಿತು, ಹಾರವಾಡದ ತರಂಗಮೇಟದಲ್ಲಿ ತೆಂಗಿನ ಬುಡಕ್ಕೆ ಕಡಲು ಬಂತು, ಶಾಶ್ವತ ತಡೆಗೋಡೆಯ ಭರವಸೆ ಸಿಕ್ಕಿತು. ಆ 'ಶಾಶ್ವತ' ಎಂಬ ಮಾತಿಗೇ ನನ್ನ ತಕರಾರು. ನಾಲ್ಕಾರು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಜಾಗಕ್ಕೆ ಮತ್ತೆ ಲಾರಿಯಲ್ಲಿ ಕಲ್ಲು ಬರುತ್ತದೆ.

ಮರಳದಂಡೆಗೆ ಬಂದ ತೆರೆ ಹರಡಿಕೊಂಡು, ಸುಸ್ತಾಗಿ ಹಿಂದಿರುಗುತ್ತದೆ. ಕಲ್ಲಿಗೆ ಬಡಿದ ತೆರೆ ಅದೇ ರಭಸದಲ್ಲಿ ತಿರುಗಿ ಬುಡದ ಮರಳನ್ನು ಎಳೆದೊಯ್ಯುತ್ತದೆ. ಬುಡ ಟೊಳ್ಳಾಗಿ ಕಲ್ಲು ಕೂತುಹೋಗುತ್ತದೆ. ಗೋಡೆ ಮುಗಿದಲ್ಲಿಂದ ಪಕ್ಕದವರ ದಂಡೆ ಕೊರೆಯಲು ಶುರುವಾಗುತ್ತದೆ. ಅಂಗಳಕ್ಕೆ ಕಡಲು ಬಂದವರು ಕಲ್ಲು ಕೇಳುವುದು ತಪ್ಪಲ್ಲ, ಅವರಿಗೆ ಬೇರೇನನ್ನೂ ಯಾರೂ ತೋರಿಸಿಯೇ ಇಲ್ಲ.

ರಂಪಣಿ ಬಲೆ ಎಳೆಯುವುದನ್ನು ನೋಡಿದವರಿಗೆ ಮರಳಿನ ಬೆಲೆ ಗೊತ್ತು. ಎರಡೂ ತುದಿಯ ಹಗ್ಗ ಹಿಡಿದು, ಹಿಮ್ಮಡಿಯನ್ನು ಮರಳಿಗೆ ಊರಿ, ಹಿಂದೆ ಹಿಂದೆ ಸರಿಯುತ್ತ ಎಳೆಯಬೇಕು. ಕಲ್ಲಿನ ರಾಶಿಯ ಮೇಲೆ ನಿಂತು ಈ ಕೆಲಸ ಆಗುವುದುಂಟೆ? 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ಅಲೆತಡೆಗೋಡೆ ಬೇಡವೆಂದು ಕಾರವಾರದ ಮೀನುಗಾರರು ಬೀದಿಗಿಳಿದದ್ದೂ ಟ್ಯಾಗೋರ್ ಕಡಲತೀರದ ದಂಡೆ ಉಳಿಯಲೆಂದೇ. ಕಡಲಾಮೆ ಮೊಟ್ಟೆ ಇಡಲು ಹತ್ತಿ ಬರುವುದೂ ಮರಳಿಗೇ.

ನಮ್ಮ ಕರಾವಳಿಯಲ್ಲಿ ಕೋಡಿ ಎಂದರೆ ಹೊಳೆ ಕಡಲು ಸೇರುವಲ್ಲಿ ಮರಳು ಚಾಚಿದ ತುದಿ. ಕೋಡಿಬಾಗದವರಾದ ನಾವು ಕೂತಿರುವುದೇ ಕಾಳಿ ಹೊಳೆ ತಂದು ಹಾಕಿದ ಮರಳಿನ ಮೇಲೆ. ಹೊಳೆ ತರಬೇಕಾದ ಮರಳು ಈಗ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳ ಹಿಂದೆ ತಡೆದು ನಿಂತಿದೆ. ಅಣೆಕಟ್ಟು ಒಡೆಯಿರಿ ಎನ್ನುತ್ತಿಲ್ಲ. ದೋಣಿ ಸಿಕ್ಕಿಬೀಳುತ್ತದೆಂದು ಅಳಿವೆಯಲ್ಲಿ ತೆಗೆಯುವ ಮರಳಾದರೂ ಟಿಪ್ಪರ್ ಹತ್ತಿ ಹೋಗದೆ, ಸವೆದ ದಂಡೆಗೇ ಬೀಳಲಿ.

ಇದೇನು ಕೇಳರಿಯದ ಮಾತಲ್ಲ. ಪುದುಚೇರಿಯಲ್ಲಿ ಬಂದರಿನ ಅಲೆತಡೆಗೋಡೆ ಕಟ್ಟಿದ ಮೇಲೆ ಊರ ಮುಂದಿನ ಮರಳು ಮಾಯವಾಗಿ ಕಲ್ಲಷ್ಟೇ ಉಳಿದಿತ್ತು. ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಅಲ್ಲಿ ನೀರೊಳಗೆ ಕೃತಕ ದಿಬ್ಬ ಕೂರಿಸಿದ ಮೇಲೆ ದಂಡೆ ಮರಳಿ ಬಂತು. ನಮ್ಮದೇ ಉಳ್ಳಾಲದಲ್ಲೂ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಕಡಲೊಳಗೆ ದಿಬ್ಬ ಕಟ್ಟಿದರು. ಅಲ್ಲಿ ಎಲ್ಲವೂ ಸರಿಹೋಯಿತೆಂದಲ್ಲ, ದಕ್ಷಿಣಕ್ಕೆ ಉಚ್ಚಿಲದ ಬಟ್ಟಪ್ಪಾಡಿಯಲ್ಲಿ ಕೊರೆತ ನಿಂತಿಲ್ಲ. ಹಾಗಾಗಿಯೇ ಒಂದೊಂದು ಊರಿಗೆ ಒಂದೊಂದು ತುಂಡು ಯೋಜನೆ ಬೇಡ. ಮಾಜಾಳಿಯಿಂದ ಬೇಲೆಕೇರಿಯವರೆಗೆ ಮರಳು ಯಾವ ತಿಂಗಳಲ್ಲಿ ಯಾವ ಕಡೆ ಸರಿಯುತ್ತದೆಂದು ಮೊದಲು ಅಳೆಯಿರಿ.

ಹೊಳೆಯ ಕಡೆಗೆ ಬೇರೆಯೇ ಮದ್ದು. ಇಳಿತದ ಹೊತ್ತಿಗೆ ಸುಂಕೇರಿ ಕಡೆ ಹೋದರೆ ಕೆಸರಿನಲ್ಲಿ ಪೆನ್ಸಿಲ್ ಚುಚ್ಚಿಟ್ಟಂತೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಉಸಿರುಬೇರು, ಸಂದಿಯಲ್ಲಿ ಏಡಿ, ಸಿಗಡಿ ಮರಿ. ಹೊಳೆದಂಡೆಯನ್ನು ಹಿಡಿದಿಡುತ್ತಲೇ ಮೀನನ್ನೂ ಸಾಕುವ ಗೋಡೆ ಅದು. ಆದರೆ ಕಾಂಡ್ಲಾ ತೆರೆದ ಕಡಲಿಗೆ ನಿಲ್ಲುವ ಗಿಡವಲ್ಲ. ಫೋಟೊಗಾಗಿ ಕಡಲತೀರದಲ್ಲಿ ಅದನ್ನು ನೆಡಬೇಡಿ. ಅಲ್ಲಿ ಮರಳು ಹಿಡಿಯುವುದು ಅಡುಂಬು ಬಳ್ಳಿ. ಅದನ್ನು ಕಳೆಯೆಂದು ಕಿತ್ತು ಇಂಟರ್‌ಲಾಕ್ ಹಾಸುವುದಕ್ಕೆ ಸೌಂದರ್ಯೀಕರಣ ಎಂಬ ಹೆಸರು ಬೇರೆ!

ಮುಂದಿನ ಟೆಂಡರ್ ಕರೆಯುವ ಮೊದಲು ಬಂದರು ಇಲಾಖೆ ನಕ್ಷೆಯನ್ನು ಕನ್ನಡದಲ್ಲಿ ಊರ ಮುಂದಿಡಲಿ, ರಂಪಣಿಯವರನ್ನು ಕರೆದು ಕೇಳಲಿ. ಇಲಾಖೆಯ ಕಚೇರಿ ಇರುವುದು ಬೈತಖೋಲದಲ್ಲಿ. ಅಲ್ಲಿಂದ ಕೋಡಿಬಾಗಕ್ಕೆ ಬರಲು ಕಾಲು ಗಂಟೆ ಸಾಕು.

– ಓದುಗ, ಕೋಡಿಬಾಗ, ಕಾರವಾರ